ಸೇತುವೆ ಬೇಗ ಮುಗಿಯಲಿ, ನದಿ ಯಾಕೆ ಕೆಡಬೇಕು?

(ಮನೆಯವರ ಗುಂಪಿನಲ್ಲಿ ಸುಮಾ ಒಂದು ಪಿಡಿಎಫ್ ಹಾಕಿದ್ದಳು. ನದಿ ಮೇಲಿನ ಹಳೇ ಹೆದ್ದಾರಿ ಸೇತುವೆ ತೆಗೆದು ಹೊಸದು ಕಟ್ಟುವಾಗ ಪಾಲಿಸಬೇಕಾದ ಪರಿಸರ ಷರತ್ತುಗಳ ಪಟ್ಟಿ ಅದು.)

ಶ್ರೀಧರ ಮಾವ: ಪೂರ್ತಿ ಓದಿದೆ ಸುಮಾ. ಮೀನು ಮೊಟ್ಟೆ ಇಡುವ ಕಾಲದಲ್ಲಿ ನೀರಿಗೆ ಇಳಿಯಬಾರದು, ಹಕ್ಕಿ ಗೂಡು ಇದ್ದರೆ ಮುಟ್ಟಬಾರದು. ಇಷ್ಟೆಲ್ಲಾ ನೋಡುತ್ತಾ ಕೂತರೆ ಹೊಸದು ಏಳುವ ಮೊದಲೇ ಹಳೇದು ಬಿದ್ದಿರುತ್ತದೆ. ಜನರ ಜೀವ ಮೊದಲು ಅಲ್ವಾ?

ಸುಮಾ: ಜೀವ ಮೊದಲು, ಅದರಲ್ಲಿ ಎರಡು ಮಾತಿಲ್ಲ ಮಾವ. ಷರತ್ತಿನಿಂದಲೇ ತಡ ಅನ್ನುವುದನ್ನು ಮಾತ್ರ ಒಪ್ಪುವುದಿಲ್ಲ. ಅಮೆರಿಕದ ಮಿನಿಯಾಪೊಲಿಸ್‌ನಲ್ಲಿ 2007ರ ಆಗಸ್ಟ್ 1ರ ಸಂಜೆ ಮಿಸಿಸಿಪ್ಪಿ ನದಿ ಮೇಲಿನ ಹೆದ್ದಾರಿ ಸೇತುವೆ ವಾಹನಗಳ ಸಮೇತ ಕುಸಿಯಿತು. 13 ಜನ ಸತ್ತರು. 2008ರ ಸೆಪ್ಟೆಂಬರ್‌ನಲ್ಲಿ ಹೊಸ ಸೇತುವೆ ಮೇಲೆ ಗಾಡಿ ಓಡಿತು. ಅದರ ಮುಖ್ಯ ಸ್ಪ್ಯಾನ್ (ಎರಡು ಕಂಬಗಳ ನಡುವಿನ ಅಂತರ) 150 ಮೀಟರ್‌ಗಿಂತ ಜಾಸ್ತಿ, ನೀರಿನಲ್ಲಿ ಕಂಬ ಇಲ್ಲದೆ ನದಿಯನ್ನು ಒಂದೇ ನೆಗೆತಕ್ಕೆ ದಾಟುತ್ತದೆ. ಕಾಂಕ್ರೀಟಿನಲ್ಲಿ ಸಿಮೆಂಟ್ ಕಡಿಮೆ ಮಾಡಿ ಕಲ್ಲಿದ್ದಲು ಸುಟ್ಟ ಹಾರುಬೂದಿ, ಕಬ್ಬಿಣದ ಕುಲುಮೆಯ ಕಿಟ್ಟ (ಸ್ಲ್ಯಾಗ್) ಬಳಸಿದ್ದರು.

ಶ್ರೀಧರ ಮಾವ: ಅವರ ಹತ್ತಿರ ದುಡ್ಡಿದೆ. ಉದ್ದ ಸ್ಪ್ಯಾನ್ ಅಂದರೆ ಸುಮ್ನೆ ಆಗುತ್ತದಾ?

ವಿನಯ್: ಮಾವ ಹೇಳುವುದು ಸರಿ. ಸ್ಪ್ಯಾನ್ ಉದ್ದ ಆದಷ್ಟೂ ಗರ್ಡರ್ (ರಸ್ತೆ ಹೊರುವ ತೊಲೆ) ದಪ್ಪ, ಖರ್ಚೂ ದಪ್ಪ. ಆದರೆ ನೀರಿನಲ್ಲಿ ಒಂದು ಕಂಬ ತಪ್ಪಿಸಿದರೆ ಉಳಿಯುವುದನ್ನೂ ಲೆಕ್ಕಕ್ಕೆ ಹಿಡಿಯಬೇಕು. ಕಾಫರ್‌ಡ್ಯಾಮ್ (ಕೆಲಸದ ಜಾಗಕ್ಕೆ ನೀರು ಬರದಂತೆ ಕಟ್ಟುವ ತಾತ್ಕಾಲಿಕ ಗೋಡೆ) ಬೇಡ, ಪಂಪ್ ಹಚ್ಚುವುದು ಬೇಡ, ಬುಡದ ಮರಳು ಕೊಚ್ಚಿಹೋಗುವ ಭಯ ಇಲ್ಲ. ಹೊಳೆ ತುಂಬಿದರೂ ಕೆಲಸ ನಿಲ್ಲುವುದಿಲ್ಲ.

ಗೀತತ್ತೆ: ಪೈಲಿಂಗ್ (ಅಡಿಪಾಯದ ಕಂಬ ನೆಲಕ್ಕೆ ಇಳಿಸುವ) ಸದ್ದಿಗೆ ಮೀನು ಸಾಯುತ್ತದೆ ಅಂತ ಬರೆದಿದೆಯಲ್ಲ ಸುಮಾ, ಸದ್ದಿಗೆ ಸಾಯುವುದಾ?

ಸುಮಾ: ಹೌದು ಅತ್ತೆ. ಎಷ್ಟೋ ಮೀನುಗಳ ಹೊಟ್ಟೆಯೊಳಗೆ ತೇಲುವುದಕ್ಕೆ ಗಾಳಿಚೀಲ ಇರುತ್ತದೆ. ಉಕ್ಕಿನ ಪೈಲ್ ಮೇಲೆ ಸುತ್ತಿಗೆ ಬಿದ್ದಾಗ ನೀರಿನಲ್ಲಿ ಒತ್ತಡದ ಅಲೆ ಹೊರಡುತ್ತದೆ. ಚೀಲ ಒಮ್ಮೆಲೇ ಹಿಗ್ಗಿ ಕುಗ್ಗುತ್ತದೆ, ಸುತ್ತಲಿನ ಅಂಗಗಳಿಗೆ ಪೆಟ್ಟಾಗುತ್ತದೆ, ಕೆಲವೊಮ್ಮೆ ಚೀಲವೇ ಒಡೆಯುತ್ತದೆ. ಇದಕ್ಕೆ ಉಪಾಯ ಇದೆ. ಪೈಲ್ ಸುತ್ತ ತಳದಲ್ಲಿ ತೂತಿರುವ ಪೈಪನ್ನು ಬಳೆ ಥರ ಇಟ್ಟು ಕಂಪ್ರೆಸರ್‌ನಿಂದ ಗಾಳಿ ಬಿಡುತ್ತಾರೆ. ಗುಳ್ಳೆಗಳ ಗೋಡೆ ಏಳುತ್ತದೆ. ಅದನ್ನು ದಾಟುವಾಗ ಸದ್ದಿನ ಜೋರು ತಗ್ಗುತ್ತದೆ.

ವಿನಯ್: ಅದಕ್ಕಿಂತ ಕೊರೆದು ಹಾಕುವ ಪೈಲ್ ವಾಸಿ, ಸುತ್ತಿಗೆಯೇ ಬೇಡ. ಆದರೆ ಗುಂಡಿ ಕುಸಿಯದಿರಲಿ ಅಂತ ತುಂಬುವ ಬೆಂಟೊನೈಟ್ (ಜೇಡಿಮಣ್ಣಿನ) ನೀರು ಹೊಳೆಗೆ ಹೋಗದ ಹಾಗೆ ಟ್ಯಾಂಕಿನಲ್ಲಿ ಹಿಡಿಯಬೇಕು.

ಇನ್ನೊಂದು ಮಾತು. ಪಿಡಿಎಫ್‌ನಲ್ಲಿ ಎಲ್ಲದಕ್ಕೂ ಹೂಳು ತಡೆಯುವ ಪರದೆ (ನೀರಿನಲ್ಲಿ ಇಳಿಬಿಡುವ ಬಟ್ಟೆ) ಅಂತ ಬರೆದಿದ್ದಾರೆ. ಹರಿವು ಜೋರಾಗಿರುವ ಕಡೆ ಅದು ನಿಲ್ಲುವುದೇ ಇಲ್ಲ. ಪರದೆ ಮಲಗುತ್ತದೆ, ಕೆಸರು ಅಡಿಯಿಂದ ನುಸುಳುತ್ತದೆ. ಅಂಥ ಕಡೆ ಯಂತ್ರ ಹೋಗುವುದಕ್ಕೆ ಮಣ್ಣು ಸುರಿದು ಏರಿ ಹಾಕುವುದನ್ನು ಬಿಟ್ಟು, ಕಂಬದ ಮೇಲೆ ತಾತ್ಕಾಲಿಕ ಉಕ್ಕಿನ ದಾರಿ ಮಾಡಬೇಕು. ಮಣ್ಣಿನ ಏರಿ ಅಗ್ಗ ನಿಜ, ಆದರೆ ಹೊಳೆಯ ಅಗಲವನ್ನೇ ಕಿತ್ತುಕೊಳ್ಳುತ್ತದೆ. ಜೋರು ಮಳೆ ಬಂದರೆ ಅಷ್ಟೂ ಮಣ್ಣು ಕೆಳಗಿನ ಮರಳಿನ ಮೇಲೆ ಕೂರುತ್ತದೆ. ಮೀನು ಮೊಟ್ಟೆ ಇಡುವುದು ಅಲ್ಲೇ.

ಸುಮಾ: ಪರದೆ ಮಾತು ಒಪ್ಪಿದೆ ವಿನಯಣ್ಣ. ಮಿಕ್ಸರ್ ತೊಳೆದ ನೀರಿನ ವಿಷಯವನ್ನೂ ಹೇಳು. ಬೂದು ನೀರು ತಾನೇ ಅಂತ ದಡದಲ್ಲೇ ಚೆಲ್ಲುತ್ತಾರೆ. ಅದರ ಪಿಎಚ್ (ಆಮ್ಲ-ಕ್ಷಾರದ ಅಳತೆ, ಶುದ್ಧ ನೀರಿಗೆ 7) 12ರ ಆಸುಪಾಸು ಇರುತ್ತದೆ. 9 ದಾಟಿದರೇ ಮೀನಿಗೆ ಕಷ್ಟ. ಹೊಳೆಯಿಂದ ದೂರ, ಪ್ಲಾಸ್ಟಿಕ್ ಹಾಳೆ ಹಾಸಿದ ಗುಂಡಿಯಲ್ಲೇ ತೊಳೆಯಬೇಕು. ಇದಕ್ಕೆ ಎಷ್ಟು ಖರ್ಚಾದೀತು ಮಾವ?

ಶ್ರೀಧರ ಮಾವ: ಅದು ಸರಿ. ಕೆಡವುವುದಕ್ಕೆ ಯಾಕಿಷ್ಟು ಕಟ್ಟುಪಾಡು? ಸ್ಫೋಟಕ ಇಟ್ಟರೆ ಒಂದೇ ದಿನ.

ಸುಮಾ: ಸ್ಫೋಟಕವನ್ನೂ ಜೋಪಾನವಾಗಿ ಬಳಸಬಹುದು. ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿಯ ಹಳೇ ಸೇತುವೆಯ ಒಂದು ದೊಡ್ಡ ಅಡಿಪಾಯವನ್ನು 2015ರ ನವೆಂಬರ್‌ನಲ್ಲಿ ಹಾಗೇ ಉಡಾಯಿಸಿದರು. ಸುತ್ತ ಗುಳ್ಳೆಗಳ ಗೋಡೆ ಎಬ್ಬಿಸಿದ್ದರು. ತಪ್ಪು ಎಲ್ಲಿ ಆಗುತ್ತದೆ ಅಂದರೆ, ಗರ್ಡರ್‌ಗಳನ್ನು ನೀರಿಗೆ ಬೀಳಿಸಿ ಆಮೇಲೆ ಎತ್ತಿದರಾಯಿತು ಅಂದುಕೊಂಡಾಗ. ಹಳೇ ಉಕ್ಕಿನ ಸೇತುವೆಗಳ ಬಣ್ಣದಲ್ಲಿ ಸೀಸ ಇರಬಹುದು. ಅದರ ಪುಡಿ ಹೊಳೆಗೆ ಬಿದ್ದರೆ ಎತ್ತುವವರು ಯಾರು?

ಗೀತತ್ತೆ: ಸೇತುವೆ ಮೇಲಿನ ಮಳೆ ನೀರು?

ಸುಮಾ: ಒಳ್ಳೆ ಪ್ರಶ್ನೆ ಅತ್ತೆ, ಪಿಡಿಎಫ್‌ನಲ್ಲಿ ಅದು ಒಂದೇ ಸಾಲು. ಟೈರ್ ಬಿರುಕು ಬಿಡದಿರಲಿ ಅಂತ ಹಾಕುವ ಒಂದು ಕೆಮಿಕಲ್ ಗಾಳಿಯ ಓಜೋನ್ ಜೊತೆ ಸೇರಿ ವಿಷವಾಗುತ್ತದೆ, ಮಳೆ ಅದನ್ನು ರಸ್ತೆಯಿಂದ ತೊಳೆದು ಹೊಳೆಗೆ ಒಯ್ಯುತ್ತದೆ. ಅಮೆರಿಕದ ಹೊಳೆಗಳಲ್ಲಿ ಕೋಹೊ ಸಾಲ್ಮನ್ ಮೀನು ಮಳೆ ಬಂದ ಮೇಲೆ ಸಾಯುತ್ತಿದ್ದುದು ಇದರಿಂದಲೇ ಅಂತ 2020ರಲ್ಲಿ ಗೊತ್ತಾಯಿತು. ಸೇತುವೆ ಮೇಲಿನ ರಸ್ತೆಯ ತೂತುಗಳಿಂದ ನೀರು ನೇರ ಹೊಳೆಗೆ ಸುರಿಯಬಾರದು. ಪೈಪಿನಲ್ಲಿ ದಡಕ್ಕೆ ತಂದು ಮಣ್ಣಿನಲ್ಲಿ ಸೋಸಿ ಬಿಡಬೇಕು. ಡ್ರಾಯಿಂಗ್‌ನಲ್ಲಿ ಇಲ್ಲದಿದ್ದರೆ ಆಮೇಲೆ ಯಾರೂ ಹಾಕುವುದಿಲ್ಲ.

ವಿನಯ್: ಅದೇ ನೋಡಿ ಮಾವ. ಟೆಂಡರ್‌ನಲ್ಲಿ ಪ್ರತಿಯೊಂದಕ್ಕೂ ಬೇರೆ ಐಟಂ, ಬೇರೆ ರೇಟ್ ಇದ್ದರೆ ಗುತ್ತಿಗೆದಾರ ಮಾಡುತ್ತಾನೆ. ‘ಪರಿಸರ ಕಾಪಾಡತಕ್ಕದ್ದು’ ಅಂತ ಒಂದು ಸಾಲು ಬರೆದರೆ ಕೊನೆಗೆ ನಾಲ್ಕು ಸಸಿ ನೆಟ್ಟು ಫೋಟೋ ಕಳಿಸುತ್ತಾರೆ. ಮೀನಿನ ತಿಂಗಳುಗಳೂ ಮೊದಲೇ ಗೊತ್ತಿದ್ದರೆ ಆಗ ದಡದಲ್ಲಿ ಗರ್ಡರ್ ಎರಕ, ಅಪ್ರೋಚ್ ರಸ್ತೆ ಮಾಡಿಕೊಳ್ಳಬಹುದು.

ಶ್ರೀಧರ ಮಾವ: ಹಾಗಾದರೆ ಮೀನಿನ ಷರತ್ತಿಗೆ ನನ್ನ ತಕರಾರಿಲ್ಲ. ಗೂಡಿನದು ಮಾತ್ರ ಒಪ್ಪಲಾರೆ. ಹಕ್ಕಿ ಬಂದು ಕೂತರೆ ಕೆಲಸ ನಿಲ್ಲಿಸುವುದಾ?

ಸುಮಾ: ಕೂತ ಮೇಲೆ ನಿಲ್ಲಿಸಲೇಬೇಕು ಮಾವ, ಮರಿ ಹಾರುವ ತನಕ. ಆ ಕೊಲ್ಲಿ ಸೇತುವೆಯಲ್ಲೂ ನೂರಾರು ನೀರುಕಾಗೆಗಳಿದ್ದವು. ಹೊಸ ಸೇತುವೆ ಅಡಿಯಲ್ಲಿ ಗೂಡಿಗೆ ಜಾಗ ಮಾಡಿ, ಬೊಂಬೆ ಹಕ್ಕಿ ಇಟ್ಟು ಕರೆದರೂ ಅವು ಸುಲಭಕ್ಕೆ ಹೋಗಲಿಲ್ಲ. ಅದಕ್ಕೇ ಗೂಡು ಕಟ್ಟುವ ಕಾಲಕ್ಕೆ ಮೊದಲೇ ಹಳೇ ಸೇತುವೆಗೆ ಬಲೆ ಕಟ್ಟಬೇಕು, ಒಂದು ವರ್ಷ ಮುಂಚೆಯೇ ಬೇರೆ ಜಾಗ ತೋರಿಸಬೇಕು. ಆ ಖರ್ಚು ಮೊದಲ ವರ್ಷದ ಅಂದಾಜಿನಲ್ಲೇ ಇರಲಿ ಅಂತ ನಾನು ಕೇಳುವುದು.

ಶ್ರೀಧರ ಮಾವ: ಒಂದು ವರ್ಷ ಮುಂಚೆ ಯಾರು ಯೋಚನೆ ಮಾಡುತ್ತಾರೆ ಸುಮಾ?

ವಿನಯ್: ಹೊಸ ಸೇತುವೆಗೆ ಮಣ್ಣು ಪರೀಕ್ಷೆ ಮಾಡುವುದಕ್ಕೇ ಅಷ್ಟು ಮುಂಚೆ ಹೋಗಿರುತ್ತೇವೆ ಮಾವ. ಅದೇ ತಂಡದ ಜೊತೆ ಹಕ್ಕಿ, ಮೀನು ಗೊತ್ತಿರುವ ಒಬ್ಬರನ್ನು ಕಳಿಸಿದರೆ ಸಾಕು.