ಸಭಾಕಂಪನ ಕಳೆಯಲು ನಿಮಗೆ ನೆರವಾದದ್ದು ಯಾವುದು?

ಕೇಳಿದವರು: ಸಹಕಾರ ಸಂಘವೊಂದರ ಕಾರ್ಯದರ್ಶಿಯಾಗಿ ಒಂದು ವರ್ಷವಾಯಿತು. ಮೊನ್ನೆ ಸೆಪ್ಟೆಂಬರಿನ ಮಹಾಸಭೆಯಲ್ಲಿ ವರದಿ ಮಂಡಿಸಲು ಎದ್ದು ನಿಂತಾಗ, ಮನೆಯಲ್ಲಿ ಕನ್ನಡಿಯ ಮುಂದೆ ಹತ್ತು ಸಲ ತಡೆಯಿಲ್ಲದೆ ಆಡಿದ್ದ ಮಾತು ಮೂರನೆಯ ವಾಕ್ಯಕ್ಕೇ ನಿಂತುಹೋಯಿತು. ಮುಂದಿನ ಮಹಾಸಭೆಯೊಳಗೆ ಏನು ಮಾಡಬಹುದೆಂದು ಅನುಭವವಿದ್ದವರು ದಯವಿಟ್ಟು ತಿಳಿಸಿ.

ಬೆಂಗಳೂರಿನಿಂದ: ಕನ್ನಡಿಯನ್ನು ನಾನೂ ವರ್ಷಗಟ್ಟಲೆ ನೆಚ್ಚಿಕೊಂಡಿದ್ದೆ. ಕನ್ನಡಿ ಕೆಮ್ಮುವುದಿಲ್ಲ, ಗಡಿಯಾರ ನೋಡುವುದಿಲ್ಲ, ಪಕ್ಕದವರ ಕಿವಿಯಲ್ಲಿ ಪಿಸುಗುಡುವುದಿಲ್ಲ. ಸಭೆಯಲ್ಲಿ ನಮ್ಮನ್ನು ತಡವರಿಸುವಂತೆ ಮಾಡುವುದು ಇವೇ ಆದ್ದರಿಂದ ಇವುಗಳ ನಡುವೆಯೇ ಅಭ್ಯಾಸ ನಡೆಯಬೇಕು. ನನಗೆ ಆ ಅವಕಾಶ ಸಿಕ್ಕಿದ್ದು ಭಾಷಣದ ಅಭ್ಯಾಸಕ್ಕೆಂದೇ ಇರುವ ಟೋಸ್ಟ್‌ಮಾಸ್ಟರ್ಸ್ ಕ್ಲಬ್ಬಿನಲ್ಲಿ. 1924ರಲ್ಲಿ ಕ್ಯಾಲಿಫೋರ್ನಿಯಾದ ಸಾಂಟಾ ಅನಾದಲ್ಲಿ ರಾಲ್ಫ್ ಸ್ಮೆಡ್ಲಿ ಆರಂಭಿಸಿದ ಈ ಪದ್ಧತಿಯಲ್ಲಿ ಪಾಠ ಹೇಳುವ ಗುರುಗಳಿಲ್ಲ. ಸದಸ್ಯರೇ ಸರದಿಯಂತೆ ಮಾತನಾಡಿ, ಸರದಿಯಂತೆ ವಿಮರ್ಶಿಸುತ್ತಾರೆ. ಮೊದಲ ಭಾಷಣಕ್ಕೆ 4ರಿಂದ 6 ನಿಮಿಷ, ವಿಷಯ ನಿಮ್ಮದೇ ಪರಿಚಯ. ಮುಂದಿನವು ಬಹುಪಾಲು 5ರಿಂದ 7 ನಿಮಿಷ. 5ಕ್ಕೆ ಹಸಿರು, 6ಕ್ಕೆ ಹಳದಿ, 7ಕ್ಕೆ ಕೆಂಪು ಸಂಕೇತ ತೋರಿಸುತ್ತಾರೆ. ಆಶುಭಾಷಣಕ್ಕೆ 1ರಿಂದ 2 ನಿಮಿಷ ಮಾತ್ರ.

ಅಲ್ಲಿ ಪೊಳ್ಳು ಪದಗಳನ್ನು ಎಣಿಸಲೆಂದೇ ಒಬ್ಬರಿರುತ್ತಾರೆ. ನನ್ನ ಮೂರನೆಯ ಭಾಷಣ ಮುಗಿದ ಮೇಲೆ ಆ ದಿನದ ಎಣಿಕೆಯವರು ಚೀಟಿ ನೋಡಿಕೊಂಡು, ‘ಅಂದರೆ’ 19 ಸಲ, ‘ಏನಪ್ಪಾ ಅಂದರೆ’ 6 ಸಲ ಎಂದು ಓದಿದರು. ಅವುಗಳಲ್ಲಿ ಒಂದನ್ನೂ ಆಡಿದ ನೆನಪು ನನಗಿರಲಿಲ್ಲ. ಮುಂದಿನ ಸಲ ಆ ಪದ ನಾಲಿಗೆಗೆ ಬಂದಾಗಲೆಲ್ಲ ತುಟಿ ಮುಚ್ಚಿ ಒಮ್ಮೆ ಉಸಿರೆಳೆದುಕೊಳ್ಳುವುದೆಂದು ನಿಶ್ಚಯಿಸಿದೆ. ನನಗೆ ಯುಗವಾಗಿ ಕಂಡ ಆ ಮೌನವನ್ನು ಕೇಳಿದವರಾರೂ ಗಮನಿಸಿಯೇ ಇರಲಿಲ್ಲ. ಆಮೇಲೆ ಒಂದು ಭಾಷಣಕ್ಕೆ ಒಂದೇ ದೋಷವನ್ನು ತಿದ್ದಿಕೊಳ್ಳುವುದೆಂದು ಇಟ್ಟುಕೊಂಡೆ. ತಿಂಗಳಿಗೆ ಎರಡು ಸಭೆ. ನನ್ನ ಭಾಷಣವಿಲ್ಲದ ದಿನವೂ ಸಮಯ ನೋಡುವ ಹೊಣೆ ಕೇಳಿ ಪಡೆದು, ಅದರ ವರದಿ ಒಪ್ಪಿಸುವ ನೆಪದಲ್ಲಿಯಾದರೂ ಎದ್ದು ನಿಲ್ಲುತ್ತಿದ್ದೆ. ಅಂಜಿಕೆ ಹೋಯಿತೆಂದು ಹೇಳಲಾರೆ. ಹತ್ತನೆಯ ಭಾಷಣದಲ್ಲಿಯೂ ಬಾಯಿ ಒಣಗಿತು, ಆದರೆ ಅದು ಮೊದಲ ನಿಮಿಷದೊಳಗೆ ಇಳಿದುಹೋಗುತ್ತದೆಂದು ಅಷ್ಟು ಹೊತ್ತಿಗೆ ತಿಳಿದಿತ್ತು, ಆದ್ದರಿಂದ ಆ ಒಂದು ನಿಮಿಷವನ್ನು ಅವಸರಪಡದೆ ದಾಟಲು ಸಾಧ್ಯವಾಯಿತು.

ಪುತ್ತೂರಿನಿಂದ: ನಾನು ಮಾತು ಕಲಿತದ್ದು ಯಕ್ಷಗಾನದ ಮಾತುಗಾರಿಕೆಯ ರೂಪವಾದ ತಾಳಮದ್ದಳೆಯಲ್ಲಿ. ಅಲ್ಲಿ ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪದ ಹಾಡಿ ನಿಲ್ಲಿಸಿದೊಡನೆ, ಕುಳಿತಲ್ಲಿಂದಲೇ ಪಾತ್ರವಾಗಿ ಅದರ ಅರ್ಥವನ್ನು ಸ್ವಂತ ಮಾತಿನಲ್ಲಿ ಹೇಳಬೇಕು. ಹೊಸಬರಿಗೆ ಸಿಗುವುದು ದೂತನಂಥ ಪಾತ್ರ, ಒಂದೆರಡು ಪದಗಳ ಅರ್ಥ. ಒಂದು ಇಡೀ ಮಳೆಗಾಲ ವಾರದ ಕೂಟದಲ್ಲಿ ನಾನು ಮಾಡಿದ್ದು ಇಂಥ ಪಾತ್ರಗಳನ್ನೇ.

ಬಳಿಕ ಕೃಷ್ಣಸಂಧಾನ ಪ್ರಸಂಗದಲ್ಲಿ ವಿದುರನ ಅರ್ಥ ಹೇಳಲು ಕೂರಿಸಿದರು. ಉರುಹೊಡೆದ ಪೀಠಿಕೆಯನ್ನು ಒಪ್ಪಿಸುತ್ತಿದ್ದಾಗ, ಕೃಷ್ಣನ ಅರ್ಥ ಹೇಳುತ್ತಿದ್ದ ಹಿರಿಯರು ನಡುವೆಯೇ, ‘ನಾನು ಬರುವೆನೆಂದು ನಿನಗೆ ತಿಳಿಸಿದವರಾರು ವಿದುರಾ?’ ಎಂದು ಕೇಳಿದರು. ನನಗೆ ಉತ್ತರವೂ ಹೊಳೆಯಲಿಲ್ಲ, ಉರುಹೊಡೆದದ್ದರ ಮುಂದಿನ ಸಾಲೂ ನೆನಪಾಗಲಿಲ್ಲ. ಅವರು ನನ್ನ ಮುಖ ನೋಡಿ, ‘ಕಾದಿದ್ದವನಿಗೆ ಬೇರೆಯವರು ತಿಳಿಸಬೇಕಿಲ್ಲವಲ್ಲ’ ಎಂದು ಎಳೆಯನ್ನು ಮರಳಿ ನನ್ನ ಕೈಗೆ ಕೊಟ್ಟರು. ಆ ಉಪಕಾರವನ್ನು ನಾನು ಇಂದಿಗೂ ಮರೆತಿಲ್ಲ. ಅಂದಿನಿಂದ ವಾಕ್ಯಗಳನ್ನು ಬಾಯಿಪಾಠ ಮಾಡುವುದನ್ನು ಬಿಟ್ಟು, ಯಾವುದರ ಹಿಂದೆ ಯಾವುದು ಬರಬೇಕೆಂಬ ಕ್ರಮವನ್ನಷ್ಟೇ ಮನಸ್ಸಿನಲ್ಲಿಟ್ಟುಕೊಳ್ಳುತ್ತೇನೆ. ತಾಳಮದ್ದಳೆಯಲ್ಲಿ ಅರ್ಥ ಹೇಳುವುದರಲ್ಲಿ ಹೆಸರಾದ ಶೇಣಿ ಗೋಪಾಲಕೃಷ್ಣ ಭಟ್ಟರಂಥವರ ಧ್ವನಿಮುದ್ರಣಗಳನ್ನು ಕೇಳಿ ವಾದ ಕಟ್ಟುವ ಬಗೆಯನ್ನು ತಿಳಿಯಬಹುದು, ಆದರೆ ಎದುರಿನವರ ಮಾತಿಗೆ ಆ ಕ್ಷಣದಲ್ಲಿ ಮಾತು ಕೊಡುವುದು ಕೂಟದಲ್ಲಿ ಕುಳಿತು ಸೋತಾಗ ಮಾತ್ರ ಬಂದೀತು. ನಿಮ್ಮ ಮಹಾಸಭೆಯಲ್ಲಿಯೂ ಸದಸ್ಯರು ನಡುವೆ ಪ್ರಶ್ನೆ ಕೇಳುತ್ತಾರಲ್ಲವೇ?

ಕೇಳಿದವರು: ಹೌದು, ನಾನು ನಿಂತುಹೋದದ್ದೂ ಅಂಥ ಒಂದು ಪ್ರಶ್ನೆಯ ಬಳಿಕವೇ. ನಮ್ಮೂರಿನಲ್ಲಿ ಕ್ಲಬ್ಬಾಗಲಿ ಕೂಟವಾಗಲಿ ಇಲ್ಲ. ವರದಿಯ ಅಂಕಿಗಳನ್ನು ಬಾಯಿಪಾಠ ಮಾಡದೆ ಹೇಗೆ ನಿಭಾಯಿಸಲಿ?

ಶಿವಮೊಗ್ಗದಿಂದ: ಸಹಕಾರ ಇಲಾಖೆಯಲ್ಲಿ ದುಡಿದು ನಿವೃತ್ತನಾದವನು ನಾನು. ಅಂಕಿಗಳನ್ನು ಹಾಳೆ ನೋಡಿಯೇ ಓದಿ. ಲೆಕ್ಕವನ್ನು ನೋಡಿ ಓದುವುದೇ ಸದಸ್ಯರಿಗೆ ನಂಬಿಕೆ ತರುತ್ತದೆ. ಆದರೆ ಪ್ರತಿಯೊಂದು ಅಂಕಿಯ ನಂತರ ತಲೆಯೆತ್ತಿ, ಸಾಲ ವಸೂಲಾತಿ ಏಕೆ ಕುಗ್ಗಿತು, ಲಾಭಾಂಶ ಏಕೆ ಇಷ್ಟೇ ಎಂಬುದನ್ನು ಮನೆಮಾತಿನಲ್ಲಿ ಒಂದು ವಾಕ್ಯ ಹೇಳಿ.

ಕ್ಲಬ್ ಇಲ್ಲದಿದ್ದರೂ ನಿಮ್ಮೂರಿನಲ್ಲಿ ಸಭೆಗಳಿಗೆ ಕೊರತೆಯಿರಲಾರದು. ರಾಜ್ಯೋತ್ಸವ, ಶಾಲಾ ವಾರ್ಷಿಕೋತ್ಸವ, ಗಣೇಶೋತ್ಸವ, ಎಲ್ಲದರಲ್ಲಿಯೂ ವಂದನಾರ್ಪಣೆಗೆ ಜನ ಸಿಗದೆ ಒದ್ದಾಡುತ್ತಾರೆ. ಅದನ್ನು ನೀವಾಗಿಯೇ ಕೇಳಿಕೊಳ್ಳಿ. ಕುರ್ಚಿಗಳಿಂದ ಜನ ಏಳುತ್ತಿರುವಾಗ 3 ನಿಮಿಷ ಹೆಸರು ತಪ್ಪದೆ, ಸ್ವರ ಏರಿಸದೆ ಮಾತನಾಡುವುದು ನಾನು ಕಂಡ ಅತ್ಯಂತ ಕಠಿಣ ಅಭ್ಯಾಸ, ಮತ್ತು ಅಲ್ಲಿ ಎಡವಿದರೆ ಯಾರಿಗೂ ನಷ್ಟವಿಲ್ಲ. ಇನ್ನು ಸಹಕಾರ ಸಪ್ತಾಹ ನವೆಂಬರ್ 14ರಿಂದ 20ರವರೆಗೆ ನಡೆಯುತ್ತದೆ. ಮೊದಲ ದಿನದ ಧ್ವಜಾರೋಹಣದ ನಂತರ ಪ್ರಾಸ್ತಾವಿಕ ನುಡಿಯನ್ನು ನಿಮಗೇ ಬಿಟ್ಟುಕೊಡುವಂತೆ ಅಧ್ಯಕ್ಷರನ್ನು ಈಗಲೇ ಕೇಳಿಡಿ.