‘ಹ್ಯಾಂಗ್’, ‘ಮೆಮೊರಿ ಫುಲ್’, ‘ಆಫ್ ಮಾಡಿ ಆನ್ ಮಾಡಿ’: ಇವನ್ನು ಬಿಡಿಸಿ ಹೇಳೋದು ಹೇಗೆ?

ಬಳಗದ ಎಲ್ಲರಿಗೂ ನಮಸ್ಕಾರ.

ನಮ್ಮ ಬಡಾವಣೆಯ ಹಿರಿಯರ ಸಂಘಕ್ಕೆ ಒಂದು ಪುಟದ ಕನ್ನಡ ಕೈಪಿಡಿ ಬರೆಯುತ್ತಿದ್ದೇನೆ. ನಿಧಾನವಾದ ಕಂಪ್ಯೂಟರನ್ನು ಆದಷ್ಟು ಕಡಿಮೆ ಖರ್ಚಿನಲ್ಲಿ ಚುರುಕು ಮಾಡಿಕೊಳ್ಳುವುದು ಹೇಗೆ ಅನ್ನೋದು ವಿಷಯ. ಏನು ಮಾಡಬೇಕು ಅನ್ನೋದರಲ್ಲಿ ತೊಂದರೆ ಇಲ್ಲ. ಅದನ್ನು ಯಾವ ಮಾತಲ್ಲಿ ಹೇಳಬೇಕು ಅನ್ನೋದರಲ್ಲಿ ಸಿಕ್ಕಿಕೊಂಡಿದ್ದೇನೆ. ಕಂಪ್ಯೂಟರಿಗೆ ಕಂಪ್ಯೂಟರ್ ಅಂತಲೇ ಬರೆದಿದ್ದೇನೆ. ಅದಕ್ಕೆ ಗಣಕಯಂತ್ರ ಅನ್ನಬೇಕೋ ಬೇಡವೋ ಅನ್ನೋ ಹಳೇ ಚರ್ಚೆಯನ್ನು ದಯವಿಟ್ಟು ಮತ್ತೆ ಎಬ್ಬಿಸಬೇಡಿ.

ಮೊದಲನೇ ಪದ ‘ಹ್ಯಾಂಗ್’. ಬೆಂಗಳೂರಲ್ಲಿ ಯಾರನ್ನು ಕೇಳಿದರೂ “ಸಿಸ್ಟಂ ಹ್ಯಾಂಗ್ ಆಗ್ತಿದೆ” ಅಂತಾರೆ. ಸ್ವಲ್ಪ ಕೆದಕಿ ಕೇಳಿದರೆ ಒಬ್ಬೊಬ್ಬರ ದೂರು ಒಂದೊಂದು ಥರ. ಒಬ್ಬರಿಗೆ ಆನ್ ಮಾಡಿದ ಮೇಲೆ ಪರದೆ ಬರೋಷ್ಟರಲ್ಲಿ ಕಾಫಿ ಕುಡಿದು ಮುಗಿದಿರುತ್ತದೆ. ಇನ್ನೊಬ್ಬರಿಗೆ ಬೆಳಿಗ್ಗೆ ಸರಿಯಾಗೇ ಇರುತ್ತದೆ, ಮಧ್ಯಾಹ್ನದ ಹೊತ್ತಿಗೆ ತೆವಳೋಕೆ ಶುರು ಮಾಡುತ್ತದೆ. ಮತ್ತೊಬ್ಬರಿಗೆ ಮೌಸ್ ಸಹ ಅಲ್ಲಾಡೋದಿಲ್ಲ. ಇನ್ನು ಕೆಲವರದ್ದು ಕಂಪ್ಯೂಟರಿನ ತಪ್ಪೇ ಅಲ್ಲ, ಮನೆಯ ನೆಟ್ ನಿಧಾನ ಅಷ್ಟೆ. ಪದ ಒಂದೇ ಆದರೂ ಕಾರಣ ಬೇರೆ, ಮದ್ದೂ ಬೇರೆ. ಆನ್ ಆಗೋಕೆ ತಡ ಆದರೆ ಹಳೇ ಹಾರ್ಡ್ ಡಿಸ್ಕನ್ನೋ, ತಾನಾಗೇ ಶುರುವಾಗುವ ಆ್ಯಪ್‌ಗಳನ್ನೋ ನೋಡಬೇಕು. ಬರ್ತಾ ಬರ್ತಾ ನಿಧಾನ ಆದರೆ ರ‍್ಯಾಮ್ (ತೆರೆದ ಆ್ಯಪ್‌ಗಳು ಕೂರುವ ಜಾಗ) ಸಾಲುತ್ತಿಲ್ಲ, ಇಲ್ಲವೇ ಫ್ಯಾನಿಗೆ ಧೂಳು ಕಟ್ಟಿ ಪ್ರೊಸೆಸರ್ ಬಿಸಿಯಾಗಿ ತನ್ನ ವೇಗವನ್ನು ತಾನೇ ಇಳಿಸಿಕೊಳ್ಳುತ್ತಿದೆ. ಹಾಗಾಗಿ ಕೈಪಿಡಿಯ ಮೊದಲ ಸಾಲಲ್ಲೇ ಈ ದೂರುಗಳನ್ನು ಬೇರೆ ಬೇರೆ ಮಾಡಿ ಹೇಳಬೇಕು.

ಸದ್ಯಕ್ಕೆ ‘ಏಳೋಕೆ ತಡ’, ‘ಬರ್ತಾ ಬರ್ತಾ ನಿಧಾನ’, ‘ಗರ ಬಡಿದಿದೆ’ ಅಂತ ಬರೆದುಕೊಂಡಿದ್ದೇನೆ. ಮೂರನೆಯದು ನನಗೆ ತುಂಬಾ ಇಷ್ಟ. ಗರ ಬಡಿದವರ ಹಾಗೆ ನಿಂತ ಅನ್ನೋ ಮಾತು ಹಿರಿಯರಿಗೆ ತಕ್ಷಣ ಹತ್ತುತ್ತದೆ. ನಿಜವಾಗಿ ಗರ ಬಡಿದಿದೆಯೋ ಇಲ್ಲವೋ ತಿಳಿಯೋಕೆ ಒಂದು ಸುಲಭದ ದಾರಿ ಇದೆ. ಕೀಬೋರ್ಡಿನ ಕ್ಯಾಪ್ಸ್ ಲಾಕ್ ಒತ್ತಿ ನೋಡಿ. ಅದರ ಪುಟ್ಟ ದೀಪ ಹತ್ತಿ ಆರಿದರೆ ಸಾಮಾನ್ಯವಾಗಿ ಒಳಗೆ ಇನ್ನೂ ಜೀವ ಇದೆ ಅಂತ, ಸುಮ್ನೆ ಸ್ವಲ್ಪ ಹೊತ್ತು ಕಾಯಬಹುದು. ದೀಪ ಮಿಸುಕದೇ ಇದ್ದರೆ ಪವರ್ ಬಟನ್ ಒತ್ತಿ ಹಿಡಿಯೋದೇ ಗತಿ. ಆದರೆ ಅಚ್ಚಿನಲ್ಲಿ ‘ಗರ ಬಡಿದಿದೆ’ ಅಂತ ನೋಡಿ ಯಾರಾದರೂ ನಗುತ್ತಾರೇನೋ ಅಂತ ಅನುಮಾನ. ‘ಸಿಕ್ಕಿಕೊಂಡಿದೆ’ ಸಾಕಾ? ‘ಸ್ತಬ್ಧವಾಗಿದೆ’ ಮಾತ್ರ ಬೇಡ, ಅದು ಬಂದ್ ದಿನದ ವರದಿ ಓದಿದ ಹಾಗಾಗುತ್ತದೆ.

ಎರಡನೆಯದು ‘ಮೆಮೊರಿ’. ಇದು ಇನ್ನೂ ಜಾಸ್ತಿ ಎಡವಟ್ಟು. ಫೋಟೋ ವಿಡಿಯೋ ಇಡುವ ಜಾಗವೂ ಮೆಮೊರಿ, ರ‍್ಯಾಮೂ ಮೆಮೊರಿ. “ಮೆಮೊರಿ ಫುಲ್ ಆಗಿದೆ, ಅದಕ್ಕೇ ಸ್ಲೋ” ಅಂತ ಯಾರೋ ಹೇಳುತ್ತಾರೆ. ಅದನ್ನು ಕೇಳಿದ ಹಿರಿಯರು ಕೂತು ಮೊಮ್ಮಕ್ಕಳ ಫೋಟೋಗಳನ್ನೆಲ್ಲ ಅಳಿಸುತ್ತಾರೆ. ರ‍್ಯಾಮ್ ಸಾಲದೇ ಇದ್ದಾಗ ಎಷ್ಟು ಫೋಟೋ ಅಳಿಸಿದರೂ ಅದಕ್ಕೆ ಒಂದು ಚೂರೂ ಜಾಗ ಸಿಗೋದಿಲ್ಲ, ಅಲ್ವಾ? ಪಾರಿಭಾಷಿಕ ಪಟ್ಟಿಗಳ ‘ಸ್ಮೃತಿ’ಯೂ ಇಲ್ಲಿ ಕೈ ಹಿಡಿಯೋದಿಲ್ಲ. ಅದೂ ಎರಡನ್ನೂ ಒಂದೇ ಮಾಡಿಬಿಡುತ್ತದೆ.

ಒಳಗೆ ನಡೆಯೋದು ಇಷ್ಟು. ತೆರೆದಿಟ್ಟ ಆ್ಯಪ್‌ಗಳೆಲ್ಲ ರ‍್ಯಾಮಿನಲ್ಲಿ ಕೂತಿರುತ್ತವೆ. ಅಲ್ಲಿ ಜಾಗ ಮುಗಿದರೆ ವಿಂಡೋಸ್ ಒಂದಿಷ್ಟನ್ನು ಎತ್ತಿ ಡಿಸ್ಕಿಗೆ ಹಾಕುತ್ತದೆ, ಬೇಕಾದಾಗ ವಾಪಸ್ ತರುತ್ತದೆ. ಡಿಸ್ಕು ರ‍್ಯಾಮಿಗಿಂತ ತುಂಬಾ ನಿಧಾನ. ಹೀಗೆ ಹಾಕಿ ತೆಗೆಯೋದರಲ್ಲೇ ಹೊತ್ತು ಹೋಗುತ್ತದೆ. ವಿಂಡೋಸ್ 11ಕ್ಕೆ ಮೈಕ್ರೋಸಾಫ್ಟ್ ಹೇಳುವ ಕನಿಷ್ಠ ರ‍್ಯಾಮ್ 4 ಜಿಬಿ. ಅಷ್ಟರಲ್ಲಿ ಅದು ಓಡುತ್ತದೆ ನಿಜ, ಆದರೆ ಬ್ರೌಸರಿನಲ್ಲಿ ಹತ್ತಾರು ಟ್ಯಾಬ್ ತೆರೆದರೆ ಉಸಿರು ಕಟ್ಟುತ್ತದೆ. ಟ್ಯಾಬ್ ಮುಚ್ಚೋದು, ಬೇಡದ ಎಕ್ಸ್‌ಟೆನ್ಷನ್ (ಬ್ರೌಸರಿಗೆ ಸೇರಿಸಿಕೊಂಡ ಪುಟ್ಟ ಜೋಡಣೆಗಳು) ತೆಗೆಯೋದು ಬಿಟ್ಟಿ ಮದ್ದು. 8 ಜಿಬಿಗೆ ಏರಿಸೋದು ಖರ್ಚಿನ ಮದ್ದು. ಕೆಲವು ತೆಳು ಲ್ಯಾಪ್‌ಟಾಪ್‌ಗಳಲ್ಲಿ ರ‍್ಯಾಮನ್ನು ಬೋರ್ಡಿಗೇ ಬೆಸುಗೆ ಹಾಕಿರುತ್ತಾರೆ. ಬೆಂಗಳೂರಿನ ಕಂಪ್ಯೂಟರ್ ಅಂಗಡಿಗಳ ಬೀದಿಯಾದ ಎಸ್.ಪಿ. ರೋಡಿಗೆ ಹೊರಡುವ ಮುಂಚೆ ಅದನ್ನು ತಿಳಿದುಕೊಂಡರೆ ಒಳ್ಳೆಯದು.

ಇಡುವ ಜಾಗ ಭರ್ತಿಯಾದರೂ ನಿಧಾನ ಆಗೋದುಂಟು. ಸಿ ಡ್ರೈವ್ ಪೂರ್ತಿ ತುಂಬಿದರೆ ವಿಂಡೋಸಿಗೆ ಕೈಯಾಡಿಸೋಕೆ ಜಾಗ ಇರೋದಿಲ್ಲ. ಆಗ ಡೌನ್‌ಲೋಡ್ಸ್ ಫೋಲ್ಡರ್, ರೀಸೈಕಲ್ ಬಿನ್ ಖಾಲಿ ಮಾಡೋದು ಸರಿ. ಹಾಗಾಗಿ ‘ಕೆಲಸದ ಜಾಗ’, ‘ಇಡುವ ಜಾಗ’ ಅಂತ ಎರಡು ಮಾಡಿಕೊಂಡಿದ್ದೇನೆ. ಅಷ್ಟೇನೂ ಚಂದ ಇಲ್ಲ, ಒಪ್ಪುತ್ತೇನೆ. ಆದರೆ ಯಾರೂ ತಪ್ಪು ತಿಳಿಯೋದಿಲ್ಲ. ಇದಕ್ಕಿಂತ ಚಿಕ್ಕ ಪದ ಯಾರಿಗಾದರೂ ಹೊಳೆದರೆ ತಿಳಿಸಿ.

ಇನ್ನು ನನ್ನ ತಲೆ ತಿಂದ ಪದ: ಶಟ್‌ಡೌನ್ ಮತ್ತು ರೀಸ್ಟಾರ್ಟ್. ನಾವೆಲ್ಲ ಬಾಯಿಮಾತಲ್ಲಿ “ಒಂದ್ಸಲ ಆಫ್ ಮಾಡಿ ಆನ್ ಮಾಡಿ” ಅಂತೀವಿ. ಕನ್ನಡದ ಪುಟಗಳಲ್ಲಿ ‘ಮರುಪ್ರಾರಂಭಿಸಿ’ ಅಂತ ಇರುತ್ತದೆ. ಓದಿದವರು ಎರಡೂ ಒಂದೇ ಅಂದುಕೊಳ್ಳುತ್ತಾರೆ. ಒಂದೇ ಅಲ್ಲ. ವಿಂಡೋಸ್ 8 ಬಂದ 2012ರಿಂದ ‘ಫಾಸ್ಟ್ ಸ್ಟಾರ್ಟಪ್’ ಅನ್ನೋ ಏರ್ಪಾಡಿದೆ. ಅದು ಚಾಲೂ ಇದ್ದರೆ ಶಟ್‌ಡೌನ್ ಕೊಟ್ಟಾಗ ನಮ್ಮ ಆ್ಯಪ್‌ಗಳೇನೋ ಮುಚ್ಚುತ್ತವೆ. ಆದರೆ ವಿಂಡೋಸಿನ ತಿರುಳಿನ ಸ್ಥಿತಿಯನ್ನು ಡಿಸ್ಕಿನಲ್ಲಿ ಬರೆದಿಟ್ಟುಕೊಂಡು, ಮರುದಿನ ಅದನ್ನೇ ಎತ್ತಿಕೊಂಡು ಏಳುತ್ತದೆ. ಬೇಗ ಏಳಲಿ ಅಂತ ಮಾಡಿದ ಉಪಾಯ. ಅದರ ಜೊತೆಗೆ ಒಳಗಿನ ಹಳೇ ರಗಳೆಯೂ ಹಾಗೇ ಉಳಿಯಬಹುದು. ರೀಸ್ಟಾರ್ಟ್ ಕೊಟ್ಟರೆ ಮಾತ್ರ ಎಲ್ಲ ಹೊಸದಾಗಿ ಶುರುವಾಗುತ್ತದೆ.

ಕಣ್ಣಾರೆ ನೋಡಬೇಕಾ? ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರೂ ಒಟ್ಟಿಗೆ ಒತ್ತಿ. ಟಾಸ್ಕ್ ಮ್ಯಾನೇಜರ್ ಬರುತ್ತದೆ. ಪರ್ಫಾರ್ಮೆನ್ಸ್‌ನಲ್ಲಿ ಸಿಪಿಯು ಆರಿಸಿದರೆ ಕೆಳಗೆ ‘ಅಪ್ ಟೈಮ್’ ಅಂತ ಕಾಣುತ್ತದೆ, ಅಂದರೆ ಕೊನೆಯ ಸಲ ಹೊಸದಾಗಿ ಶುರುವಾದಾಗಿನಿಂದ ಕಳೆದ ಹೊತ್ತು. ರಾತ್ರಿ ತಪ್ಪದೆ ಶಟ್‌ಡೌನ್ ಮಾಡುವವರ ಕಂಪ್ಯೂಟರಿನಲ್ಲೂ ಅಲ್ಲಿ ದಿನಗಟ್ಟಲೆ ಲೆಕ್ಕ ಓಡುತ್ತಿರಬಹುದು. ಅದನ್ನು ನೋಡಿ “ನಾನು ದಿನಾ ಆಫ್ ಮಾಡ್ತೀನಲ್ರೀ!” ಅನ್ನದವರು ಕಮ್ಮಿ.

ಈಗ ಹೇಳಿ, ಈ ವ್ಯತ್ಯಾಸವನ್ನು ಕನ್ನಡದಲ್ಲಿ ಹೇಗೆ ಹಿಡಿಯೋದು? ‘ಆರಿಸಿ’ ಅಂದರೆ ದೀಪಕ್ಕೆ ಸರಿ, ಆದರೆ ‘ಆಯ್ಕೆ ಮಾಡಿ’ ಅಂತಲೂ ಅರ್ಥವಾಗುತ್ತದೆ. “ಶಟ್‌ಡೌನ್ ಆರಿಸಿ” ಅಂತ ಬರೆದರಂತೂ ದೇವರೇ ಗತಿ. ‘ಮುಚ್ಚಿ’ ಅಂದರೆ ಲ್ಯಾಪ್‌ಟಾಪಿನ ಮುಚ್ಚಳ ಮಡಚುತ್ತಾರೆ, ಅದು ನಿದ್ದೆಗೆ ಹೋಗುತ್ತದೆ. ನನ್ನ ಒಲವು ಪರದೆಯ ಮೇಲೆ ಕಾಣುವ ಪದವನ್ನೇ ಕನ್ನಡ ಅಕ್ಷರದಲ್ಲಿ ಬರೆದು, “ಶಟ್‌ಡೌನ್ ಅಲ್ಲ, ರೀಸ್ಟಾರ್ಟ್ ಒತ್ತಿ” ಅನ್ನೋದರ ಕಡೆಗೆ. ಒತ್ತಬೇಕಾದ ಗುಂಡಿಯ ಹೆಸರು ಬದಲಾಯಿಸಿದರೆ ಓದಿದವರು ಗುಂಡಿಯನ್ನು ಹುಡುಕುತ್ತಾ ಕೂರುತ್ತಾರೆ.

ಅದೇ ಟಾಸ್ಕ್ ಮ್ಯಾನೇಜರಿನಲ್ಲಿ ಸ್ಟಾರ್ಟಪ್ ಅಂತಲೂ ಇದೆ. ಕಂಪ್ಯೂಟರ್ ಆನ್ ಆದಾಗ ಯಾರ್ಯಾರು ಕರೆಯದೇ ಬಂದು ಕೂರುತ್ತಾರೆ ಅನ್ನೋದರ ಪಟ್ಟಿ ಅಲ್ಲಿ ಸಿಗುತ್ತದೆ. ಬೇಡದ್ದನ್ನು ಡಿಸೇಬಲ್ ಮಾಡಬೇಕು. ಇದಕ್ಕೆ ‘ನಿಷ್ಕ್ರಿಯಗೊಳಿಸಿ’ ಅಂದರೆ ಆ್ಯಪೇ ಹೊರಟುಹೋಗುತ್ತದೆ ಅಂತ ಹೆದರಿ ಜನ ಮುಟ್ಟೋದಿಲ್ಲ. “ತಾನಾಗೇ ಶುರುವಾಗದ ಹಾಗೆ ಮಾಡಿ” ಅಂತ ಉದ್ದಕ್ಕೇ ಬರೆದಿದ್ದೇನೆ. ಆ್ಯಂಟಿವೈರಸ್ಸಿಗೆ ಮಾತ್ರ ಕೈ ಹಾಕಬೇಡಿ ಅಂತಲೂ ಸೇರಿಸಿದ್ದೇನೆ.

ಹಾರ್ಡ್ ಡಿಸ್ಕಿಗೆ ‘ತಟ್ಟೆ’ ಸೇರಿಸಿ ಮಾಡುವ ಪದಗಳನ್ನು ಕೈಬಿಟ್ಟಿದ್ದೇನೆ. ಈಗ ಅದರ ಬದಲಿಗೆ ಹಾಕುವ ಎಸ್‌ಎಸ್‌ಡಿಯಲ್ಲಿ ತಿರುಗುವ ತಟ್ಟೆಯೇ ಇಲ್ಲ. ಅದು ಬೇಗ ಏಳೋದೂ ಅದಕ್ಕೇ, ಡಿಫ್ರಾಗ್ (ಚದುರಿದ ಫೈಲಿನ ತುಣುಕುಗಳನ್ನು ಒಟ್ಟುಗೂಡಿಸೋದು) ಬೇಡದಿರೋದೂ ಅದಕ್ಕೇ. ಹಳೇ ಕಂಪ್ಯೂಟರಿಗೆ ಒಂದೇ ಒಂದು ಖರ್ಚು ಮಾಡೋದಾದರೆ ಇದಕ್ಕೆ ಮಾಡಿ ಅಂತ ದಪ್ಪ ಅಕ್ಷರದಲ್ಲಿ ಹಾಕಿಸುತ್ತೇನೆ.

ಕೊನೆಯದು ‘ಫಾರ್ಮ್ಯಾಟ್ ಹೊಡೆಯೋದು’. ಎಸ್.ಪಿ. ರೋಡಿನಲ್ಲಿ ಯಾರೂ ಫಾರ್ಮ್ಯಾಟ್ ‘ಮಾಡೋದಿಲ್ಲ’, ‘ಹೊಡೀತಾರೆ’. ಚಕಚಕ ಮುಗಿಯುವ ಕೆಲಸದ ಹಾಗೆ ಕೇಳಿಸುತ್ತದೆ. ಇದ್ದದ್ದೆಲ್ಲ ಅಳಿಸಿಹೋಗುತ್ತದೆ ಅನ್ನೋ ಎಚ್ಚರಿಕೆ ಆ ಮಾತಲ್ಲಿ ಇಲ್ಲವೇ ಇಲ್ಲ. ಕನ್ನಡದವರಿಗೆ ಇನ್ನೊಂದು ಪೆಟ್ಟೂ ಇದೆ. ಫೈಲುಗಳನ್ನು ಪೆನ್ ಡ್ರೈವಿಗೆ ಹಾಕಿಟ್ಟುಕೊಂಡಿದ್ದರೂ, ‘ನುಡಿ’ ಅನ್ನೋ ಕನ್ನಡ ಟೈಪಿಂಗ್ ತಂತ್ರಾಂಶದಲ್ಲಿ ಯೂನಿಕೋಡ್ (ಎಲ್ಲ ಕಂಪ್ಯೂಟರಿಗೂ ಒಂದೇ ಆದ ಅಕ್ಷರ ಸಂಕೇತ) ಅಲ್ಲದ ಹಳೇ ಫಾಂಟಿನಲ್ಲಿ ಬರೆದ ಕಾಗದ ತೆರೆದರೆ ಕನ್ನಡದ ಬದಲು ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರ ಕಾಣುತ್ತದೆ. ಬರಹ ಹೋಗಿಲ್ಲ, ಫಾಂಟ್ ಹೋಗಿದೆ ಅಷ್ಟೆ. ನುಡಿ ಮತ್ತೆ ಹಾಕಿಕೊಂಡರೆ ಸರಿಯಾಗುತ್ತದೆ. ‘ಪೂರ್ತಿ ಅಳಿಸಿ ಹೊಸದಾಗಿ ಹಾಕೋದು’ ಅಂತ ಬರೆದಿದ್ದೇನೆ. ‘ಒರೆಸಿ ಹಾಕೋದು’ ಅಂದರೆ ಧೂಳು ಒರೆಸೋದು ಅಂದುಕೊಳ್ಳುತ್ತಾರಾ?

ಧಾರವಾಡ, ಮಂಗಳೂರು, ಮೈಸೂರು ಕಡೆಯ ರಿಪೇರಿ ಅಂಗಡಿಗಳಲ್ಲಿ ‘ಹ್ಯಾಂಗ್’ ಬಿಟ್ಟು ಬೇರೆ ಮಾತು ಏನಾದರೂ ಓಡಾಡುತ್ತಾ ಇದೆಯಾ? ಇದ್ದರೆ ಅದನ್ನು ಮೊದಲು ಬರೆಯಿರಿ. ಮಿಕ್ಕ ಪದಗಳಿಗೆ ಅವಸರ ಇಲ್ಲ.