ಮುದ್ದುಕೃಷ್ಣ ವೇಷ: ಥರ್ಮೋಕೋಲ್, ಗ್ಲಿಟರ್ ಬಿಟ್ಟು ಮಾಡೋದು ಹೇಗೆ?

ಡೊಂಬಿವಲಿ ಈಸ್ಟ್: ಇಲ್ಲಿ ಮುಂಬೈ ಹತ್ತಿರ ನಮ್ಮ ಸಂಘದ ಅಷ್ಟಮಿಗೆ ಮುದ್ದುಕೃಷ್ಣ ಸ್ಪರ್ಧೆ ಇದೆ, 3ರಿಂದ 6 ವರ್ಷದ ಮಕ್ಕಳು. ಮಾರ್ಕೆಟ್ ಸೆಟ್‌ನಲ್ಲಿ ಎಲ್ಲ ಪ್ಲಾಸ್ಟಿಕ್ಕೇ. ರಟ್ಟಿನ ಕಿರೀಟಕ್ಕೆ ಕಾಗದ ಅಂಟಿಸಿದರೆ ಈ ಮಳೆಯಲ್ಲಿ ಒಣಗೋಲ್ಲ, ಬೂಸ್ಟು ಬರುತ್ತೆ. ಏನು ಮಾಡಬಹುದು? ಪಂಚೆಗೆ ಅರಿಸಿನ ಬಣ್ಣ ನಿಲ್ಲುತ್ತಾ?

ರಟ್ಟು_ಕತ್ತರಿ: ಬೂಸ್ಟಿಗೆ ಮಳೆ ಮಾತ್ರ ಕಾರಣ ಅಲ್ಲ, ಅಂಟು ದಪ್ಪ ಆಗಿರುತ್ತೆ. 1 ಬಟ್ಟಲು ಮೈದಾಗೆ 5 ಬಟ್ಟಲು ನೀರು. ಮೊದಲು ತಣ್ಣೀರಲ್ಲಿ ಗಂಟಿಲ್ಲದ ಹಾಗೆ ಕಲಸಿ, ಸಣ್ಣ ಉರಿಯಲ್ಲಿ ಹೊಳಪು ಬರೋವರೆಗೆ ತಿರುವಿ. ಇಳಿಸಿದ ಮೇಲೆ ಅರ್ಧ ಚಮಚ ಪಟಿಕದ ಪುಡಿ. ಇಲ್ಲಿನ ಕಿರಾಣಿಯಲ್ಲಿ ಮರಾಠಿಯಲ್ಲಿ ತುರಟಿ ಅಂತ ಕೇಳಿ. ಮೈಲುತುತ್ತ ಹಾಕಬೇಡಿ, ಅದು ವಿಷ. ಮಕ್ಕಳು ಕಿರೀಟದ ಅಂಚು ಕಚ್ಚದೇ ಬಿಡೋಲ್ಲ.

ಪೇಪರ್ ಎರಡೇ ಪದರ, ಒಂದೊಂದಕ್ಕೂ ಒಂದು ದಿನ ಫ್ಯಾನ್ ಕೆಳಗೆ. ಒಳಗೆ ತೇವ ಇರುವಾಗಲೇ ಬಣ್ಣ ಬಳಿದರೆ ಅದು ಹೊರಗೆ ಹೋಗೋಕೆ ದಾರಿ ಇರೋಲ್ಲ, ಬೂಸ್ಟು ಒಳಗಿಂದ ಏಳುತ್ತೆ.

ಅಂಗಡಿ ಡಬ್ಬದ ರಟ್ಟು ಸಾಕು. ಒಳಗಿನ ಅಲೆಗಳು ಮೇಲಿಂದ ಕೆಳಗೆ ಬರೋ ಹಾಗೆ ಪಟ್ಟಿ ಕತ್ತರಿಸಿ. ಅಡ್ಡ ಬಂದರೆ ತಲೆಗೆ ಸುತ್ತುವಾಗ ಮುರಿದು ಮೂಲೆಮೂಲೆ ಆಗುತ್ತೆ. ತಲೆ ಸುತ್ತಳತೆ 50 ಸೆಂ.ಮೀ. ಇದ್ದರೆ ಪಟ್ಟಿ 46 ಇರಲಿ, ಹಿಂದೆ ಎರಡು ತೂತು ಮಾಡಿ ಹತ್ತಿ ಲಾಡಿ ಕಟ್ಟಿ. ಮುಂದಿನ ವರ್ಷ ತಲೆ ದೊಡ್ಡದಾದರೂ ಅದೇ ಕಿರೀಟ ನಡೆಯುತ್ತೆ.

ಸೀರೆ_ಸೆರಗು: ಅರಿಸಿನ ಹಿಡಿಯುತ್ತೆ, ಆದರೆ ಬಿಸಿಲಿಗೆ ಬೇಗ ಮಂಕಾಗುತ್ತೆ. 100 ಗ್ರಾಂ ಹತ್ತಿ ಬಟ್ಟೆಗೆ 15 ಗ್ರಾಂ ಪಟಿಕ, 20 ಗ್ರಾಂ ಅರಿಸಿನ. ಗಂಜಿ ಹೋಗೋ ಹಾಗೆ ಒಗೆದು, ಪಟಿಕದ ಬಿಸಿನೀರಲ್ಲಿ ಒಂದು ಗಂಟೆ ನೆನೆಸಿ. ಆಮೇಲೆ ಸೋಸಿದ ಅರಿಸಿನ ನೀರಲ್ಲಿ ಅರ್ಧ ಗಂಟೆ, ಕುದಿಯೋಕೆ ಬಿಡದೆ ಬಿಸಿ ಮಾಡಿ. ಸೋಸದಿದ್ದರೆ ಬಟ್ಟೆ ತುಂಬ ಚುಕ್ಕೆ. ಸೋಪು ತಗುಲಿ ಕೆಂಪಾದರೆ ಗಾಬರಿ ಬೇಡ, ನಿಂಬೆರಸದ ನೀರಲ್ಲಿ ಅದ್ದಿ, ಹಳದಿ ಮರಳುತ್ತೆ.

ನನ್ನ ಕೇಳಿದರೆ ಇಷ್ಟೆಲ್ಲ ಬೇಡ. ಐದೂವರೆ ಮೀಟರಿನ ಹಳೇ ಹಳದಿ ಸೀರೆಯಲ್ಲಿ ನಾಲ್ಕು ಮಕ್ಕಳ ಕಚ್ಚೆ ಆಗುತ್ತೆ. ಅದರ ಜರಿ ಅಂಚನ್ನೇ ಕಿರೀಟಕ್ಕೆ ಹೊಲಿಯಿರಿ, ಗ್ಲಿಟರ್ ಬೇಕಾಗೋಲ್ಲ. ಗ್ಲಿಟರ್ ಅಂದರೆ ಅಲ್ಯೂಮಿನಿಯಂ ಲೇಪದ ಪ್ಲಾಸ್ಟಿಕ್ ಚೂರು, ಸ್ನಾನದ ನೀರಿನ ಜೊತೆ ನೇರ ಗಟಾರಕ್ಕೆ. ಅಲಂಕಾರದ ಥರ್ಮೋಕೋಲ್‌ಗಂತೂ ಮಹಾರಾಷ್ಟ್ರದಲ್ಲಿ 2018ರಿಂದಲೇ ನಿಷೇಧ. ಹಾಗಂತ ಬಾಡಿಗೆ ಪಾಲಿಯೆಸ್ಟರ್ ಪಂಚೆಯನ್ನು ಬೈಯಬೇಡಿ. ಒಮ್ಮೆ ಉಟ್ಟು ಮೂಲೆಗೆ ಹಾಕೋ ಹೊಸ ಹತ್ತಿ ಪಂಚೆಗಿಂತ ಅದೇ ವಾಸಿ.

ಡೊಂಬಿವಲಿ ಈಸ್ಟ್: ಥ್ಯಾಂಕ್ಸ್ ಅಕ್ಕ. ಮೈಗೆ ನೀಲಿ? ಕೊರಳಿಗೆ ಗುಲಗಂಜಿ ಹಾರ ಆಗಬಹುದಾ?

ಸೀರೆ_ಸೆರಗು: ಗುಲಗಂಜಿ ಬೇಡವೇ ಬೇಡ. ಬೀಜ ಅಗಿದು ನುಂಗಿದರೆ ಜೀವಕ್ಕೇ ಅಪಾಯ. ತುಳಸಿಮಣಿ ಹಾಕಿ, ಇಲ್ಲವೇ ದಾದರ್ ಹೂ ಮಾರ್ಕೆಟ್ಟಿಂದ ಬಿಡಿಹೂ ತಂದು ಹತ್ತಿ ದಾರದಲ್ಲಿ ಪೋಣಿಸಿ. ಬಟ್ಟೆಗೆ ಹಾಕೋ ನೀಲಿಯನ್ನು ಮೈಗೆ ಹಚ್ಚಬೇಡಿ. ಹಣೆಗೆ ಗೋಪಿಚಂದನದ ನಾಮ ಎಳೆದರೆ ಸಾಕು.